ಹಿಂದಿನ ಬೆಂಚಿನಲ್ಲೊಬ್ಬ ಸಹೋದ್ಯೋಗಿ

ನಮ್ಮ ಸುತ್ತಮುತ್ತಲಿನ ಕಸುಬುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಬಡಗಿಯ ಮಗ ತಂದೆಯ ಪಕ್ಕದಲ್ಲಿ ನಿಂತು ಉಳಿ ಹಿಡಿಯುವುದನ್ನು ಕಲಿಯುತ್ತಾನೆ. ಹೊಸದಾಗಿ ಕೆಲಸಕ್ಕೆ ಸೇರಿದ ದಾದಿ ಹಿರಿಯ ದಾದಿಯ ಜೊತೆಯಲ್ಲಿ ವಾರ್ಡಿನಿಂದ ವಾರ್ಡಿಗೆ ನಡೆಯುತ್ತಾಳೆ. ಶಸ್ತ್ರಚಿಕಿತ್ಸಕರು ಒಬ್ಬರ ಕೈಚಳಕವನ್ನು ಇನ್ನೊಬ್ಬರು ಮೇಜಿನ ಆಚೆ ಬದಿಯಿಂದ ನೋಡುತ್ತಾರೆ. ನಮ್ಮ ಅಡುಗೆಮನೆಗಳಲ್ಲಿಯೂ ಅತ್ತೆ ಹಾಕುವ ಒಗ್ಗರಣೆಯನ್ನು ಸೊಸೆ ನೋಡುತ್ತಾಳೆ, ಸೊಸೆ ಮಾಡುವ ಹೊಸ ಪಲ್ಯವನ್ನು ಅತ್ತೆ ನೋಡುತ್ತಾರೆ. 'ನೋಡಿ ಕಲಿ, ಮಾಡಿ ತಿಳಿ' ಎಂಬುದು ನಮ್ಮ ಹಿರಿಯರು ಎಲ್ಲ ಕಸುಬುಗಳಿಗೂ ಅನ್ವಯಿಸಿ ಹೇಳಿದ ಮಾತು. ಆದರೆ ಕಲಿಸುವುದನ್ನೇ ಕಸುಬಾಗಿ ಮಾಡಿಕೊಂಡ ಶಿಕ್ಷಕರ ಬದುಕಿನಲ್ಲಿ ಈ ಮಾತಿಗೆ ಎಡೆ ಇದೆಯೇ?

ಮೂರು ದಶಕಗಳಿಗೂ ಮಿಗಿಲಾಗಿ ಕನ್ನಡ ಕಲಿಸಿದ ನಾನು ಈ ಪ್ರಶ್ನೆಯನ್ನು ತುಂಬ ಕಾಲ ಮನಸ್ಸಿನಲ್ಲಿ ಹೊತ್ತು ತಿರುಗಿದ್ದೇನೆ. ಬೆಳಗಿನ ಪ್ರಾರ್ಥನೆ ಮುಗಿದು ಗಂಟೆ ಬಾರಿಸಿದೊಡನೆ ನಾವೆಲ್ಲರೂ ಹಾಜರಿ ಪುಸ್ತಕ, ಸೀಮೆಸುಣ್ಣ ಹಿಡಿದು ನಮ್ಮ ನಮ್ಮ ಕೋಣೆಗಳಿಗೆ ಹೋಗುತ್ತೇವೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಪಕ್ಕದ ಕೋಣೆಯಲ್ಲಿರುವ ಸಹೋದ್ಯೋಗಿ ಇಪ್ಪತ್ತು ವರ್ಷಗಳಿಂದ ನಮ್ಮೊಡನೆ ಬುತ್ತಿ ಹಂಚಿಕೊಂಡು ಉಂಡಿರಬಹುದು, ನಮ್ಮ ಮಕ್ಕಳ ಮದುವೆಗಳಲ್ಲಿ ಓಡಾಡಿರಬಹುದು. ಆದರೆ ಅವರು ಪಾಠ ಹೇಗೆ ಮಾಡುತ್ತಾರೆ ಎಂಬುದು ನಮಗೆ ತಿಳಿಯದು. ಗೋಡೆಯಾಚೆಯಿಂದ ತೇಲಿಬರುವ ದನಿಯಷ್ಟೇ ನಮಗೆ ಪರಿಚಯ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ ಶಾಲೆಯನ್ನು ಮೊಟ್ಟೆಗಳನ್ನು ಜೋಡಿಸಿಡುವ ತಟ್ಟೆಗೆ ಹೋಲಿಸಿದರು. ಒಂದೊಂದು ಗುಳಿಯಲ್ಲಿ ಒಂದೊಂದು ಮೊಟ್ಟೆ. ಒಂದಕ್ಕೊಂದು ತಾಗದಂತೆ ಜೋಪಾನವಾಗಿ ಇಟ್ಟ ಜೋಡಣೆ. ಆ ಹೋಲಿಕೆ ನಮ್ಮ ಊರಿನ ಶಾಲೆಗೂ ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದು ಶಿಕ್ಷಕರಾದವರಿಗೆ ಗೊತ್ತು.

ಲಾರ್ಟಿ ಇನ್ನೊಂದು ಮಾತನ್ನೂ ಗುರುತಿಸಿದರು. ಶಿಕ್ಷಕರು ಬೇರೆಯವರ ಪಾಠವನ್ನು ನೋಡುವುದೇ ಇಲ್ಲವೆಂದಲ್ಲ. ತಾವು ವಿದ್ಯಾರ್ಥಿಗಳಾಗಿದ್ದಾಗ ಹತ್ತು ಹದಿನೈದು ವರ್ಷ ಬೆಂಚಿನ ಮೇಲೆ ಕುಳಿತು ನೋಡಿದ್ದಾರೆ. ಆದರೆ ಮಗು ನೋಡುವುದು ಮೇಷ್ಟ್ರ ಹೊರಗಿನ ಆಟವನ್ನು ಮಾತ್ರ. ಆ ಉದಾಹರಣೆಯನ್ನೇ ಏಕೆ ಆರಿಸಿದರು, ಆ ಪ್ರಶ್ನೆಯನ್ನು ಆ ಹುಡುಗಿಗೇ ಏಕೆ ಕೇಳಿದರು ಎಂಬ ಒಳಗಿನ ಲೆಕ್ಕಾಚಾರ ಮಗುವಿಗೆ ಕಾಣದು. ಆದ್ದರಿಂದ ನಾವು ಬಾಲ್ಯದಲ್ಲಿ ಕಂಡ ಪಾಠವನ್ನೇ, ಅದರ ಗುಣದೋಷಗಳೊಡನೆ, ಮುಂದಿನ ತಲೆಮಾರಿಗೆ ದಾಟಿಸುತ್ತಾ ಹೋಗುತ್ತೇವೆ. ಬಿ.ಎಡ್. ಓದುವಾಗ ಬೋಧನಾಭ್ಯಾಸದ ದಿನಗಳಲ್ಲಿ ಸಹಪಾಠಿಗಳ ಪಾಠವನ್ನು ಹಿಂದೆ ಕುಳಿತು ನೋಡಿ ವೀಕ್ಷಣಾ ಪುಸ್ತಕ ತುಂಬಿಸುತ್ತೇವೆ, ನಿಜ. ಆ ಪುಸ್ತಕಕ್ಕೆ ಸಹಿ ಬಿದ್ದ ದಿನವೇ ಆ ಅಭ್ಯಾಸವೂ ಮುಗಿದುಹೋಗುತ್ತದೆ.

ತರಗತಿಯ ಬಾಗಿಲನ್ನು ತೆರೆದು ಒಳಗೆ ಬರುವವರು ಇಲ್ಲವೆಂದಲ್ಲ. ತಪಾಸಣೆಗೆ ಅಧಿಕಾರಿಗಳು ಬರುತ್ತಾರೆ. ನಮ್ಮ ಹಳೆಯ ತಲೆಮಾರಿನವರಿಗೆ 'ಇನ್‌ಸ್ಪೆಕ್ಟರು ಬರುತ್ತಾರಂತೆ' ಎಂಬ ಸುದ್ದಿಯೇ ಸಾಕಾಗಿತ್ತು. ಗೋಡೆಗೆ ಸುಣ್ಣ, ಮೇಜಿಗೆ ಬಟ್ಟೆ, ಮೊದಲೇ ಕಲಿಸಿದ ಪಾಠದ ಪುನರಾವರ್ತನೆ, ಉತ್ತರ ಗೊತ್ತಿದ್ದವರು ಮಾತ್ರ ಕೈ ಎತ್ತಬೇಕೆಂಬ ಕಟ್ಟಪ್ಪಣೆ! ಆ ದಿನ ಅಧಿಕಾರಿ ನೋಡಿದ್ದು ಪಾಠವನ್ನಲ್ಲ, ಪಾಠದ ವೇಷವನ್ನು. ಹಾಗಾಗಿ 'ನಿಮ್ಮ ತರಗತಿಯಲ್ಲಿ ಕುಳಿತುಕೊಳ್ಳಬಹುದೇ' ಎಂದು ಯಾರಾದರೂ ಕೇಳಿದರೆ ಶಿಕ್ಷಕರ ಎದೆ ಸಣ್ಣಗೆ ನಡುಗುತ್ತದೆ. ನೋಡುವುದೆಂದರೆ ತಪ್ಪು ಹುಡುಕುವುದು ಎಂದೇ ನಮ್ಮ ಅನುಭವ ನಮಗೆ ಕಲಿಸಿದೆ. ನಾನು ಇಂದು ನಿಮ್ಮೊಡನೆ ಹಂಚಿಕೊಳ್ಳಬಯಸುವುದು ಬೇರೊಂದು ಬಗೆಯ ನೋಟವನ್ನು ಕುರಿತು. ಅದರಲ್ಲಿ ಮೇಲಧಿಕಾರಿ ಇಲ್ಲ, ಅಂಕಪಟ್ಟಿ ಇಲ್ಲ. ಸರಿಸಮಾನರಾದ ಇಬ್ಬರು ಶಿಕ್ಷಕರು ಮತ್ತು ಅವರ ಮುಂದಿರುವ ಮಕ್ಕಳು ಮಾತ್ರ ಇರುತ್ತಾರೆ.

ಈ ನೋಟವನ್ನು ಒಂದು ಸಂಪ್ರದಾಯವಾಗಿಯೇ ಬೆಳೆಸಿಕೊಂಡು ಬಂದವರು ಜಪಾನಿನ ಪ್ರಾಥಮಿಕ ಶಾಲಾ ಶಿಕ್ಷಕರು. ಅವರು ಅದನ್ನು 'ಜುಗ್ಯೋ ಕೆಂಕ್ಯು' ಎನ್ನುತ್ತಾರೆ. ಕನ್ನಡದಲ್ಲಿ 'ಪಾಠ ಸಂಶೋಧನೆ' ಎನ್ನಬಹುದು. ಅದರ ಬೇರುಗಳು ಮೇಯಿಜಿ ಅರಸರ ಕಾಲದಲ್ಲಿ, ಅಂದರೆ 1872ರಲ್ಲಿ ಆಧುನಿಕ ಶಾಲಾ ವ್ಯವಸ್ಥೆಗೆ ಬುನಾದಿ ಬಿದ್ದ ನಂತರದ ವರ್ಷಗಳಲ್ಲಿ ಇವೆ. ಹೊರಜಗತ್ತಿನ ಗಮನ ಇದರತ್ತ ಹರಿದದ್ದು ಬಹಳ ತಡವಾಗಿ. 1995ರ ಅಂತರರಾಷ್ಟ್ರೀಯ ಗಣಿತ ಮತ್ತು ವಿಜ್ಞಾನ ಅಧ್ಯಯನದ ಅಂಗವಾಗಿ ಜರ್ಮನಿ, ಜಪಾನ್ ಮತ್ತು ಅಮೆರಿಕಗಳ ಎಂಟನೆಯ ತರಗತಿಯ 231 ಗಣಿತ ಪಾಠಗಳನ್ನು ವಿಡಿಯೋದಲ್ಲಿ ಸೆರೆಹಿಡಿದು ಹೋಲಿಸಲಾಯಿತು. ಆ ಕೆಲಸದಲ್ಲಿ ತೊಡಗಿದ್ದ ಜೇಮ್ಸ್ ಸ್ಟಿಗ್ಲರ್ ಅವರು ಜೇಮ್ಸ್ ಹೀಬರ್ಟ್ ಅವರೊಡನೆ 1999ರಲ್ಲಿ ಬರೆದ 'ದಿ ಟೀಚಿಂಗ್ ಗ್ಯಾಪ್' ಎಂಬ ಪುಸ್ತಕ ಈ ಪದ್ಧತಿಯನ್ನು ಅನೇಕ ದೇಶಗಳಿಗೆ ಪರಿಚಯಿಸಿತು.

ಅಲ್ಲಿ ನಡೆಯುವುದೇನು? ನಾಲ್ಕಾರು ಶಿಕ್ಷಕರು ಒಂದು ಗುಂಪಾಗಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಕುಳಿತು ಸಿದ್ಧಪಡಿಸುತ್ತಾರೆ. ಅವರಲ್ಲೊಬ್ಬರು ಅದನ್ನು ತರಗತಿಯಲ್ಲಿ ಮಾಡುತ್ತಾರೆ. ಉಳಿದವರು ಗೋಡೆಯ ಬದಿಯಲ್ಲಿ ನಿಂತು, ಮಕ್ಕಳು ಕುಳಿತಿರುವ ನಕ್ಷೆಯನ್ನು ಕೈಯಲ್ಲಿ ಹಿಡಿದು, ಯಾವ ಮಗು ಎಲ್ಲಿ ತಡವರಿಸಿತು, ಯಾವ ಮಗುವಿನ ಮುಖ ಎಲ್ಲಿ ಅರಳಿತು ಎಂದು ಬರೆದುಕೊಳ್ಳುತ್ತಾರೆ. ಮಕ್ಕಳಿಗೆ ಉತ್ತರ ಹೇಳಿಕೊಡುವಂತಿಲ್ಲ. ಪಾಠ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಕುಳಿತು ಮಾತನಾಡುತ್ತಾರೆ. ಮೊದಲ ಮಾತು ಪಾಠ ಮಾಡಿದವರದು. ನಂತರ ಪಾಠವನ್ನು ತಿದ್ದುತ್ತಾರೆ. ಎಷ್ಟೋ ಬಾರಿ ಗುಂಪಿನ ಇನ್ನೊಬ್ಬರು ಅದನ್ನು ಇನ್ನೊಂದು ತರಗತಿಯಲ್ಲಿ ಮತ್ತೆ ಮಾಡಿ ನೋಡುತ್ತಾರೆ. ಗುಂಪಾಗಿ ಕಟ್ಟಿದ ಪಾಠವಾದ್ದರಿಂದ ಅದರ ಸೋಲು ಒಬ್ಬರ ಸೋಲಲ್ಲ, ಗೆಲುವು ಒಬ್ಬರ ಗೆಲುವಲ್ಲ.

ಒಂದೇ ಪಾಠಕ್ಕೆ ಅಷ್ಟು ದಿನಗಳೇ ಎಂದು ನೀವು ಅಚ್ಚರಿಪಡಬಹುದು. ಒಂದು ಚಿಕ್ಕ ಉದಾಹರಣೆ ಹೇಳುತ್ತೇನೆ. ಒಂದನೆಯ ತರಗತಿಯ ಮಕ್ಕಳಿಗೆ ಹತ್ತನ್ನು ಬಿಡಿಸಿ ಕಳೆಯುವ ಲೆಕ್ಕವನ್ನು ಮೊದಲ ಬಾರಿಗೆ ಕಲಿಸಬೇಕು. ಯಾವ ಲೆಕ್ಕದಿಂದ ಆರಂಭಿಸುವುದು? 13ರಿಂದ 9 ಕಳೆಯುವುದೋ, 12ರಿಂದ 7 ಕಳೆಯುವುದೋ? ನಮಗೆ ಎರಡೂ ಒಂದೇ. ಆದರೆ ಮಗುವಿನ ಕಡೆಯಿಂದ ನೋಡಿದರೆ ಹಾಗಲ್ಲ. 9 ಎಂಬುದು 10ಕ್ಕೆ ಅಂಟಿಕೊಂಡೇ ಇದೆ. ಹತ್ತರಿಂದ ಒಂಬತ್ತು ತೆಗೆದರೆ ಒಂದು, ಅದಕ್ಕೆ ಮೂರು ಕೂಡಿಸಿದರೆ ನಾಲ್ಕು ಎಂದು ಮಗು ತಾನಾಗಿಯೇ ದಾರಿ ಕಂಡುಕೊಳ್ಳಬಹುದು. 12ರಿಂದ 7 ಕಳೆಯುವಾಗ ಮಕ್ಕಳು ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಕೆಲವರು ಮೊದಲು 2 ತೆಗೆದು ಆಮೇಲೆ 5 ತೆಗೆಯುತ್ತಾರೆ, ಕೆಲವರು ಬೆರಳು ಮಡಚುತ್ತಾ ಹಿಂದಕ್ಕೆ ಎಣಿಸುತ್ತಾರೆ. ಎಲ್ಲರನ್ನೂ ಒಂದು ದಾರಿಗೆ ತರಬೇಕೋ, ಹಲವು ದಾರಿಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಬೇಕೋ ಎಂಬುದರ ಮೇಲೆ ಅಂಕಿಯ ಆಯ್ಕೆ ನಿಂತಿದೆ. ಇಂತಹ ಸಣ್ಣ ಸಂಗತಿಯ ಬಗೆಗೆ ಅನುಭವಿ ಶಿಕ್ಷಕರು ಗಂಟೆಗಟ್ಟಲೆ ವಾದಿಸುತ್ತಾರೆಂದರೆ, ಕಲಿಸುವ ಕೆಲಸವನ್ನು ಅವರು ಎಷ್ಟು ಗೌರವದಿಂದ ಕಂಡಿದ್ದಾರೆಂಬುದನ್ನು ಊಹಿಸಿ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಮೀಪವಾದ ಪ್ರಯತ್ನಗಳು ನಡೆದಿವೆ ಎಂಬುದನ್ನು ಮರೆಯಬಾರದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿಯ ಸಮೀಪದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳಲ್ಲಿ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡು ಬಂದರು. ಕಂಡದ್ದನ್ನು ಹಾಗೆಯೇ ನಕಲು ಮಾಡಲಿಲ್ಲ. ಯುನಿಸೆಫ್‌ನ ನೆರವಿನಿಂದ, ತಮ್ಮ ಕಾಡಂಚಿನ ಹಳ್ಳಿಗಳ ಮಕ್ಕಳಿಗೆ ಒಪ್ಪುವಂತೆ, ಒಟ್ಟಿಗೆ ಕುಳಿತು ಕಾರ್ಡುಗಳನ್ನೂ ಹಾಡುಗಳನ್ನೂ ಚಟುವಟಿಕೆಗಳನ್ನೂ ರೂಪಿಸಿದರು. ಅದೇ 'ನಲಿಕಲಿ'. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ನಲಿಕಲಿಯ ಗುಣದೋಷಗಳ ಚರ್ಚೆ ಬೇರೆ. ಆದರೆ ಅದು ಹುಟ್ಟಿದ್ದು ಕಚೇರಿಯ ಸುತ್ತೋಲೆಯಿಂದಲ್ಲ, ಶಿಕ್ಷಕರು ಶಿಕ್ಷಕರನ್ನು ನೋಡಿದ್ದರಿಂದ ಎಂಬುದು ನೆನಪಿಡಬೇಕಾದ ಮಾತು.

ಅದೇ ಕಾಲದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೂಲಕ ಸಮೂಹ ಸಂಪನ್ಮೂಲ ಕೇಂದ್ರಗಳು ಬಂದವು. ಸುತ್ತಲಿನ ಹತ್ತಾರು ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಸೇರುವ ಸಮಾಲೋಚನಾ ಸಭೆಗಳು ಶುರುವಾದವು. ಒಬ್ಬರು ಮಾದರಿ ಪಾಠ ಮಾಡುವುದು, ಉಳಿದವರು ನೋಡಿ ಚರ್ಚಿಸುವುದು ಆ ಸಭೆಗಳ ತಿರುಳಾಗಿತ್ತು. ಒಳ್ಳೆಯ ಸಂಪನ್ಮೂಲ ವ್ಯಕ್ತಿ ಇದ್ದ ಕಡೆ ಆ ತಿರುಳು ಉಳಿದುಕೊಂಡಿತು. ಆದರೆ ಎಷ್ಟೋ ಕಡೆ ಸಭೆಯೆಂದರೆ ಸುತ್ತೋಲೆ ಓದುವ, ಅಂಕಿಅಂಶ ತುಂಬಿಸಿ ಕೊಡುವ ದಿನವಾಗಿಬಿಟ್ಟಿತು ಎಂದು ನನ್ನ ಸ್ನೇಹಿತ ಶಿಕ್ಷಕರು ನಿಟ್ಟುಸಿರಿಡುವುದನ್ನು ಕೇಳಿದ್ದೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂದು ಹೇಳುತ್ತದೆ. ಆ ಗಂಟೆಗಳೆಲ್ಲ ಮೊಬೈಲಿನ ಪರದೆಯ ಮುಂದೆ ಕಳೆದು ಪ್ರಮಾಣಪತ್ರವಾಗಿ ಮುಗಿಯುವವೋ, ಅವುಗಳಲ್ಲಿ ಕೆಲವಾದರೂ ಪಕ್ಕದ ಕೋಣೆಯ ಹಿಂದಿನ ಬೆಂಚಿನಲ್ಲಿ ಕಳೆಯುವವೋ ಎಂಬುದು ಪ್ರತಿ ಶಾಲೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಇನ್ನು ನನ್ನ ಸ್ವಂತ ಅನುಭವಕ್ಕೆ ಬರುತ್ತೇನೆ. ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ನಾವು ಆರು ಮಂದಿ ಶಿಕ್ಷಕರು ಇಬ್ಬಿಬ್ಬರಂತೆ ಜೊತೆಗೂಡಿ ಒಂದು ಸಣ್ಣ ಪ್ರಯೋಗ ಮಾಡಿದೆವು. ತಿಂಗಳಿಗೆ ಒಂದೇ ಒಂದು ಪೀರಿಯಡ್. ಅಷ್ಟು ಬಿಡುವು ಹೊಂದಿಸುವುದೂ ಸುಲಭವಾಗಿರಲಿಲ್ಲ. ಯಾರಾದರೂ ರಜೆ ಹಾಕಿದರೆ ಬಿಡುವಿನ ಪೀರಿಯಡ್ ಬದಲಿ ತರಗತಿಗೆ ಹೋಗುತ್ತಿತ್ತು. ನಮ್ಮ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ತಾವೇ ನಮ್ಮ ತರಗತಿಗಳಿಗೆ ಹೋಗಿ ಪಾಠ ಮಾಡಿ ನಮಗೆ ಬಿಡುವು ಮಾಡಿಕೊಟ್ಟರು. ನಮ್ಮ ಕಟ್ಟುಪಾಡುಗಳು ಸರಳವಾಗಿದ್ದವು. ಏನನ್ನು ನೋಡಬೇಕೆಂಬುದನ್ನು ಪಾಠ ಮಾಡುವವರೇ ಮೊದಲು ಹೇಳಬೇಕು. ನೋಡುವವರು ಕಂಡದ್ದನ್ನೂ ಕೇಳಿದ್ದನ್ನೂ ಮಾತ್ರ ಬರೆಯಬೇಕು. 'ಚೆನ್ನಾಗಿತ್ತು', 'ಸಾಲದು' ಎಂಬ ಪದಗಳಿಗೆ ಅಲ್ಲಿ ಜಾಗವಿಲ್ಲ. ಬರೆದ ಹಾಳೆಯನ್ನು ಪಾಠ ಮಾಡಿದವರ ಕೈಗೇ ಕೊಡಬೇಕು; ಅದರ ಪ್ರತಿ ಯಾರ ಬಳಿಯೂ ಇರಕೂಡದು. ಮುಂದಿನ ತಿಂಗಳು ನೋಡಿದವರ ಸರದಿ. ಅವರ ತರಗತಿಯ ಬಾಗಿಲು ತೆರೆಯಬೇಕು.

ನನ್ನ ಜೊತೆಗಾರರು ಒಬ್ಬ ಯುವ ಗಣಿತ ಶಿಕ್ಷಕರು. ವಿಷಯದಲ್ಲಿ ಗಟ್ಟಿ, ಮಾತಿನಲ್ಲಿ ಸ್ಪಷ್ಟ, ಮಕ್ಕಳ ಮೇಲೆ ಅಪಾರ ಪ್ರೀತಿ. ಆದರೂ ಅವರ ಏಳನೆಯ ತರಗತಿಯ ಮಕ್ಕಳು ಪರೀಕ್ಷೆಯಲ್ಲಿ ಭಿನ್ನರಾಶಿಗೆ ಬಂದೊಡನೆ ಎಡವುತ್ತಿದ್ದರು. 'ತರಗತಿಯಲ್ಲಿ ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ ಮೇಡಂ, ಪರೀಕ್ಷೆಯಲ್ಲಿ ಏನಾಗುತ್ತದೋ ತಿಳಿಯದು' ಎಂದು ನೊಂದುಕೊಳ್ಳುತ್ತಿದ್ದರು. ಪೋಷಕರ ಸಭೆಯಲ್ಲಿ ಕೆಲವರು ಅವರನ್ನು ಕಟುವಾಗಿ ಪ್ರಶ್ನಿಸಿದ್ದರು. ಬೇರೆ ಕೆಲಸ ಹುಡುಕುವ ಯೋಚನೆ ಅವರ ಮನಸ್ಸಿನಲ್ಲಿ ಸುಳಿಯುತ್ತಿದ್ದುದು ನನಗೆ ತಿಳಿದಿತ್ತು. 'ನಾನು ಬೋರ್ಡಿನ ಮೇಲೆ ಬರೆಯುವಾಗ ಹಿಂದಿನ ಮೂವರು ಮಕ್ಕಳು ಏನು ಮಾಡುತ್ತಾರೆ, ಅಷ್ಟನ್ನು ನೋಡಿ ಹೇಳಿ' ಎಂದರು.

ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸುವ ಲೆಕ್ಕ. ನನ್ನ ಪಕ್ಕದ ಹುಡುಗ ಮೇಲಿನ ಅಂಕಿಗಳನ್ನು ಕೂಡಿಸಿ, ಕೆಳಗಿನ ಅಂಕಿಗಳನ್ನು ಕೂಡಿಸಿ, ಐದನೆಯ ಎರಡು ಎಂದು ಬರೆದ. ಅಷ್ಟರಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಆರನೆಯ ಐದು ಎಂಬ ಉತ್ತರ ಬರೆದರು. ಹುಡುಗ ಬೆರಳಿಗೆ ಎಂಜಲು ತಾಗಿಸಿ ತನ್ನ ಉತ್ತರವನ್ನು ಉಜ್ಜಿ ಅಳಿಸಿ, ಆರನೆಯ ಐದು ಎಂದು ತಿದ್ದಿಕೊಂಡ. ಮೇಷ್ಟ್ರು ಬೆಂಚುಗಳ ನಡುವೆ ನಡೆದು ಬಂದು ಪುಸ್ತಕ ನೋಡಿ ಸರಿ ಗುರುತು ಹಾಕಿ ಮುಂದೆ ಹೋದರು. ಉಳಿದಿಬ್ಬರೂ ಹಾಗೆಯೇ ಮಾಡಿದರು. ಇದನ್ನು ನಾನು ಕಂಡಂತೆಯೇ, ಯಾವ ಟೀಕೆಯನ್ನೂ ಸೇರಿಸದೆ, ಬರೆದು ಅವರ ಕೈಗೆ ಕೊಟ್ಟೆ.

ಅವರು ಓದಿದರು. ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೊರಟುಹೋದರು. ಎರಡು ದಿನ ನನ್ನೊಡನೆ ಹೆಚ್ಚು ಮಾತನಾಡಲಿಲ್ಲ. ಊಟದ ಹೊತ್ತಿನಲ್ಲಿಯೂ ದೂರ ಕುಳಿತರು. ಕಂಡದ್ದನ್ನು ಕಂಡಂತೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರಲ್ಲ, ಇದೂ ಹಾಗೆಯೇ ಆಯಿತೇನೋ ಎಂದು ನಾನು ಚಿಂತಿಸುತ್ತಿದ್ದೆ. ಮೂರನೆಯ ದಿನ ಅವರೇ ಬಂದರು. 'ಮೇಡಂ, ನಾಳೆ ಮತ್ತೆ ಬರುತ್ತೀರಾ?' ಎಂದು ಕೇಳಿದರು.

ಮರುದಿನ ಅವರು ಮಕ್ಕಳಿಗೆ, 'ಇಂದು ಯಾರೂ ಏನನ್ನೂ ಅಳಿಸಬಾರದು. ತಪ್ಪಾದರೆ ಪಕ್ಕದಲ್ಲಿ ಇನ್ನೊಮ್ಮೆ ಮಾಡಿ. ನನಗೆ ಎರಡೂ ಬೇಕು' ಎಂದರು. ಬೋರ್ಡಿನ ಮೇಲೆ ಉತ್ತರ ಬರೆಯುವ ಮೊದಲೇ ಪುಸ್ತಕಗಳನ್ನು ನೋಡಿದರು. ಹತ್ತಕ್ಕೂ ಹೆಚ್ಚು ಮಕ್ಕಳು ಐದನೆಯ ಎರಡು ಎಂದೇ ಬರೆದಿದ್ದರು. ಅವರು ಯಾರನ್ನೂ ಗದರಲಿಲ್ಲ. 'ಅರ್ಧ ರೊಟ್ಟಿ ನಿಮ್ಮ ತಟ್ಟೆಯಲ್ಲಿದೆ. ಅಮ್ಮ ಇನ್ನೂ ಒಂದು ತುಂಡು ಹಾಕಿದರು. ಈಗ ತಟ್ಟೆಯಲ್ಲಿರುವುದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?' ಎಂದು ಕೇಳಿದರು. 'ಹೆಚ್ಚು' ಎಂದು ಎಲ್ಲರೂ ಕೂಗಿದರು. 'ಐದು ಭಾಗದಲ್ಲಿ ಎರಡು ಎಂದರೆ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?' ತರಗತಿ ಸ್ತಬ್ಧವಾಯಿತು. ನನ್ನ ಪಕ್ಕದ ಹುಡುಗ ತನ್ನ ಪುಸ್ತಕವನ್ನೇ ದಿಟ್ಟಿಸಿ ನೋಡುತ್ತಿದ್ದ. ಆ ನಿಶ್ಶಬ್ದದಲ್ಲಿ ಒಂದು ಪಾಠ ಹುಟ್ಟುತ್ತಿತ್ತು. ಇಪ್ಪತ್ತು ದಿನಗಳ ತರಬೇತಿಯಲ್ಲಿಯೂ ನಾನು ಅಂತಹುದನ್ನು ಕಂಡಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಯುವ ಶಿಕ್ಷಕರಿಗೆ ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ಭಿನ್ನರಾಶಿಯನ್ನು ಹೇಗೆ ಕಲಿಸಬೇಕೆಂದು ಹೇಳುವ ಅರ್ಹತೆ ಕನ್ನಡ ಶಿಕ್ಷಕಿಯಾದ ನನಗೆಲ್ಲಿ? ತನ್ನ ಬೆನ್ನು ತನಗೆ ಕಾಣದು. ಅವರು ಬೋರ್ಡಿನ ಕಡೆಗೆ ತಿರುಗಿದಾಗ ಅವರ ಬೆನ್ನ ಹಿಂದೆ ನಡೆಯುವುದನ್ನು ಕಾಣಲು ಎರಡು ಕಣ್ಣುಗಳಾಗಿ ನಾನು ಅಲ್ಲಿದ್ದೆ, ಅಷ್ಟೇ. ಪರಿಹಾರ ಅವರೊಳಗೇ ಇತ್ತು. ಅದಕ್ಕಿಂತ ಮಿಗಿಲಾಗಿ, ಕಲಿತವಳು ನಾನು. ಮಕ್ಕಳು ತಪ್ಪನ್ನು ಅಳಿಸದಂತೆ ನೋಡಿಕೊಳ್ಳುವ ಉಪಾಯವನ್ನು ನನ್ನ ಪ್ರಬಂಧ ರಚನೆಯ ತರಗತಿಗೆ ತಂದೆ. ಮಕ್ಕಳು ಹೊಡೆದುಹಾಕಿದ ವಾಕ್ಯಗಳಲ್ಲಿ ಅವರ ಯೋಚನೆಯ ದಾರಿ ನನಗೆ ಕಾಣತೊಡಗಿತು.

ಇದೇ ಸತ್ಯವನ್ನು ಬಲ್ಲವರೂ ಕಂಡುಕೊಂಡಿದ್ದಾರೆ. ಶಿಕ್ಷಕರು ತರಬೇತಿಯಲ್ಲಿ ಕಲಿತದ್ದು ತರಗತಿಯವರೆಗೆ ಏಕೆ ತಲುಪುವುದಿಲ್ಲ ಎಂಬ ಪ್ರಶ್ನೆಯನ್ನು ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಅಮೆರಿಕದ ವಿದ್ವಾಂಸರು 1980ರ ದಶಕದಿಂದಲೂ ಅಧ್ಯಯನ ಮಾಡಿದರು. ಸಹೋದ್ಯೋಗಿಯ ಒತ್ತಾಸೆ ಇದ್ದರೆ ಹೊಸ ಕಲಿಕೆ ತರಗತಿಯಲ್ಲಿ ಬೇರೂರುತ್ತದೆ ಎಂದು ಕಂಡುಕೊಂಡರು. 1996ರ ಲೇಖನವೊಂದರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಾಠದ ಬಗೆಗೆ ಒಬ್ಬರು ಇನ್ನೊಬ್ಬರಿಗೆ ಅಭಿಪ್ರಾಯ ಹೇಳತೊಡಗಿದರೆ ಆ ಮಾತು ತಪಾಸಣೆಯ ದನಿ ಪಡೆದು ಜೊತೆಗಾರಿಕೆಯೇ ಹಾಳಾಗುತ್ತದೆ. ಆದ್ದರಿಂದ ಅಭಿಪ್ರಾಯ ಹೇಳುವುದನ್ನೇ ಕೈಬಿಟ್ಟೆವು ಎಂದರು. ಅವರ ಲೆಕ್ಕದಲ್ಲಿ ಪಾಠ ಮಾಡುವವರೇ ಗುರು, ನೋಡುವವರೇ ಶಿಷ್ಯರು. ನಾವು ಸಾಮಾನ್ಯವಾಗಿ ಇದನ್ನು ತಲೆಕೆಳಗಾಗಿ ಭಾವಿಸಿಕೊಂಡಿರುತ್ತೇವಲ್ಲವೇ?

ಇದೊಂದು ಮಾಯಾದಂಡವೆಂದು ಹೇಳಲಾರೆ. ಇಂಗ್ಲೆಂಡಿನ 82 ಪ್ರೌಢಶಾಲೆಗಳಲ್ಲಿ ನಡೆದ ಸಹೋದ್ಯೋಗಿ ವೀಕ್ಷಣೆಯ ಪ್ರಯೋಗದಿಂದ ಮಕ್ಕಳ ಅಂಕಗಳಲ್ಲಿ ಪ್ರಗತಿ ಕಾಣಲಿಲ್ಲವೆಂದು 2017ರ ವರದಿ ಹೇಳಿತು. ಅದೇ ಪ್ರಯೋಗವನ್ನು ಅರ್ಥಶಾಸ್ತ್ರಜ್ಞರು ಬೇರೆ ರೀತಿಯಲ್ಲಿ ಪರಿಶೀಲಿಸಿ, ಚಿಕ್ಕದಾದರೂ ನಿಜವಾದ ಪ್ರಗತಿ ಇದೆಯೆಂದು 2021ರಲ್ಲಿ ಪ್ರಕಟಿಸಿದರು. ನೋಡಿಸಿಕೊಂಡವರ ತರಗತಿಯಲ್ಲಷ್ಟೇ ಅಲ್ಲ, ನೋಡಿದವರ ತರಗತಿಯಲ್ಲಿಯೂ ಅದು ಕಂಡಿತೆಂದರು. ಬೀಜವೊಂದೇ ಬೆಳೆ ಕೊಡದು, ಮಣ್ಣು ಹದವಾಗಿರಬೇಕು. ನಂಬಿಕೆಯಿಲ್ಲದ ಶಾಲೆಯಲ್ಲಿ ವೀಕ್ಷಣೆ ಮತ್ತೊಂದು ನಮೂನೆ ತುಂಬುವ ಕೆಲಸವಾಗುತ್ತದೆ.

ಆ ನಂಬಿಕೆ ಎಷ್ಟು ನಾಜೂಕು ಎಂಬುದಕ್ಕೂ ನಮ್ಮ ಪ್ರಯೋಗವೇ ಸಾಕ್ಷಿ. ನಾವು ಬರೆಯುತ್ತಿದ್ದ ಹಾಳೆಗಳ ಸುದ್ದಿ ಆಡಳಿತ ಮಂಡಳಿಯವರ ಕಿವಿಗೆ ಬಿತ್ತು. ಸಂತೋಷವೇ ಆಯಿತು ಅವರಿಗೆ. 'ಒಳ್ಳೆಯ ಕೆಲಸ. ಆ ಹಾಳೆಗಳನ್ನು ಕಚೇರಿಗೆ ಕೊಡಿ, ಬಡ್ತಿಯ ಸಮಯದಲ್ಲಿ ನೋಡೋಣ' ಎಂದರು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಆದರೆ ಆ ಒಂದು ಮಾತಿನಿಂದ ನಮ್ಮ ಆರು ಮಂದಿಯ ಕೈಗಳು ತಣ್ಣಗಾದವು. ಆ ಹುಡುಗ ಎಂಜಲು ಹಚ್ಚಿ ಅಳಿಸಿದ ಸಂಗತಿ ಕಚೇರಿಯ ಕಡತಕ್ಕೆ ಸೇರಿದ್ದರೆ, ಆ ಯುವ ಶಿಕ್ಷಕರ ಗತಿಯೇನಾಗುತ್ತಿತ್ತು? ಮುಂದಿನ ಬಾರಿ ಯಾರು ತಾನೇ ತಮ್ಮ ಬಾಗಿಲು ತೆರೆಯುತ್ತಿದ್ದರು? ಸಿಸ್ಟರ್ ಮಂಡಳಿಯವರ ಮುಂದೆ ನಿಂತು ಶಾಂತವಾಗಿ, 'ಹಾಳೆಗಳು ನನ್ನ ಬಳಿಯೂ ಇಲ್ಲ. ಅವು ಪಾಠ ಮಾಡಿದವರ ಸೊತ್ತು. ಬಡ್ತಿಗೆ ಬೇಕಾದ ವರದಿಯನ್ನು ನಾನು ಬೇರೆ ಬರೆದುಕೊಡುತ್ತೇನೆ' ಎಂದರು. ಅವರು ಅಂದು ಅಷ್ಟು ಹೇಳದಿದ್ದರೆ ನಮ್ಮ ಪ್ರಯೋಗ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ವರ್ಗಾವಣೆ, ನಿವೃತ್ತಿಗಳಿಂದ ನಮ್ಮ ಗುಂಪು ಕರಗಿತು. ಆದರೂ ಆ ಯುವ ಶಿಕ್ಷಕರು ಶಿಕ್ಷಕ ವೃತ್ತಿಯಲ್ಲಿಯೇ ಉಳಿದರು. ಇಂದು ತಮಗಿಂತ ಕಿರಿಯರನ್ನು ತಮ್ಮ ತರಗತಿಗೆ ತಾವೇ ಕರೆದು ಕೂರಿಸಿಕೊಳ್ಳುತ್ತಾರೆ.

ಓದುಗರೇ, ಇದರಲ್ಲಿ ನಮ್ಮ ಪಾತ್ರವೇನು ಎಂದು ನೀವು ಕೇಳಬಹುದು. ನಮ್ಮ ಕುಟುಂಬಗಳಲ್ಲಿ ಶಿಕ್ಷಕರು ಕಡಿಮೆಯೇನಲ್ಲ. ಶಿಕ್ಷಕರಾಗಿರುವವರಿಗೆ ನನ್ನ ವಿನಂತಿ ಇಷ್ಟೇ: ಯಾರ ಆಜ್ಞೆಗೂ ಕಾಯಬೇಡಿ. ನಿಮಗೆ ಆಪ್ತರಾದ ಒಬ್ಬ ಸಹೋದ್ಯೋಗಿಯನ್ನು ಆರಿಸಿಕೊಳ್ಳಿ. ಮೊದಲು ನಿಮ್ಮ ತರಗತಿಗೆ ಅವರನ್ನು ಕರೆಯಿರಿ. ಅವರ ತರಗತಿಗೆ ಹೋಗುವ ಮಾತು ಆಮೇಲೆ. ಒಂದೇ ಒಂದು ಸಂಗತಿಯನ್ನು ನೋಡಲು ಹೇಳಿ. ಹುಡುಗಿಯರಿಗೆ ಎಷ್ಟು ಪ್ರಶ್ನೆ ಕೇಳಿದೆ, ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾದೆ, ಕಿಟಕಿಯ ಬಳಿಯ ಮಗು ಯಾವಾಗ ಕೈಬಿಟ್ಟಿತು – ಹೀಗೆ ಯಾವುದಾದರೊಂದು. ಶಾಲೆಗಳನ್ನು ನಡೆಸುವ ಹಿರಿಯರಿಗೂ ಒಂದು ಮಾತು: ಶಿಕ್ಷಕರಿಗೆ ತಿಂಗಳಿಗೊಂದು ಪೀರಿಯಡ್ ಬಿಡುವು ಕೊಡಿ, ಮತ್ತು ಆ ಬಿಡುವಿನಲ್ಲಿ ಅವರು ಬರೆದುಕೊಂಡದ್ದನ್ನು ಕೇಳಬೇಡಿ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ, ಆದರೆ ಅದಕ್ಕಿಂತ ಮುಖ್ಯ.

ತಂದೆತಾಯಿಯರಾದ ನಾವು ಪೋಷಕರ ಸಭೆಗೆ ಹೋದಾಗ ಫಲಿತಾಂಶ ಎಷ್ಟು ಶೇಕಡ ಎಂದು ಕೇಳುತ್ತೇವೆ, ಬಸ್ಸು, ಕಂಪ್ಯೂಟರು, ಸಮವಸ್ತ್ರಗಳ ಬಗೆಗೆ ಕೇಳುತ್ತೇವೆ. ಇನ್ನು ಮುಂದೆ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: 'ನಿಮ್ಮ ಶಾಲೆಯ ಶಿಕ್ಷಕರು ಒಬ್ಬರ ಪಾಠವನ್ನು ಒಬ್ಬರು ನೋಡುತ್ತಾರೆಯೇ?' ಹಾಗೆಯೇ, ಅಂಕ ಕಡಿಮೆಯಾದ ದಿನ ಶಿಕ್ಷಕರ ಮೇಲೆ ಎರಗುವ ಮೊದಲು ಒಂದು ಕ್ಷಣ ಯೋಚಿಸೋಣ. ಸದಾ ಬಯ್ಗುಳದ ಭಯದಲ್ಲಿರುವವರು ತಮ್ಮ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತಾರೆ. ಆ ಮುಚ್ಚಿದ ಬಾಗಿಲಿನ ಒಳಗೆ ನಮ್ಮ ಮಕ್ಕಳೂ ಇದ್ದಾರೆ.

ಒಂಟಿಯಾಗಿ ದುಡಿಯುವ ಶಿಕ್ಷಕರು ಬೇಗ ದಣಿಯುತ್ತಾರೆ. ಜೊತೆಯಲ್ಲಿ ದುಡಿಯುವವರಿಗೆ ತಮ್ಮ ಸೋಲು ಕೂಡ ನಾಳೆಯ ಪಾಠಕ್ಕೆ ಸಾಮಗ್ರಿಯಾಗುತ್ತದೆ. ಈ ವರ್ಷ ಶಾಲೆಗಳ ಗಂಟೆ ಮತ್ತೆ ಬಾರಿಸುವಾಗ, ನಮಗೆ ಗೊತ್ತಿರುವ ಒಂದು ಶಾಲೆಯಲ್ಲಾದರೂ, ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಒಬ್ಬ ಸಹೋದ್ಯೋಗಿಗೆ ಜಾಗ ಸಿಗಲಿ. ಆ ಜಾಗವನ್ನು ಮಾಡಿಕೊಡಲು ದುಡ್ಡು ಬೇಡ, ಕಟ್ಟಡ ಬೇಡ. ಸ್ವಲ್ಪ ಧೈರ್ಯ ಮತ್ತು ಸ್ವಲ್ಪ ವಿನಯ ಸಾಕು.